ಪೋರ್ಚುಗಲ್‌ನ ಕೆಂಪು ವೈನ್: ಒಗರು ಹಿಡಿದು ರುಚಿ ನೋಡುವ ಬಗೆ

ವೈನ್ ರುಚಿ ನೋಡುವ ಸಂಜೆ ಕವಳ ಹಾಕಬೇಡಿ. ಎಲ್ಲಕ್ಕಿಂತ ಮೊದಲು ಹೇಳಬೇಕಾದ್ದು ಇದೇ. ಎಲೆ, ಅಡಿಕೆ, ಸುಣ್ಣ ಸೇರಿ ಬಾಯಿ ಒಮ್ಮೆ ಬಿಗಿದರೆ ವೈನಿನ ಒಗರು ಯಾವುದು, ಅಡಿಕೆಯ ಒಗರು ಯಾವುದು ಅಂತ ಗೊತ್ತಾಗುವುದಿಲ್ಲ. ಕಾಫಿಯೂ ಬೇಡ. ಸಿಹಿಯಂತೂ ಬೇಡವೇ ಬೇಡ. ಸಿಹಿ ತಿಂದ ಬಾಯಿಗೆ ಒಳ್ಳೆಯ ವೈನೂ ಬರೀ ಹುಳಿ ಅನ್ನಿಸುತ್ತದೆ.

ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ತಮ್ಮನ ಮಗಳು ಪೋರ್ಚುಗಲ್‌ನ ಪೋರ್ಟೊ ನಗರದಲ್ಲಿ ಓದುತ್ತಿದ್ದಾಳೆ. ಊರಿಗೆ ಬರುವಾಗ ಡೌರೊ ಕಣಿವೆಯ ಕೆಂಪು ವೈನ್ ತರುತ್ತಾಳೆ. ನಮ್ಮ ಕಡೆ ಪೋರ್ಚುಗಲ್ ವೈನ್ ಅಂದರೆ ಬಹಳ ಜನ ಸಿಹಿ ಪೋರ್ಟ್ ಅಂದುಕೊಳ್ಳುತ್ತಾರೆ. ಪೋರ್ಟ್ ಕೂಡ ಅದೇ ಕಣಿವೆಯದು. ಆದರೆ ರಸ ಹುದುಗುತ್ತಿರುವಾಗಲೇ ಅದಕ್ಕೆ ದ್ರಾಕ್ಷಿಯ ಸ್ಪಿರಿಟ್ ಸೇರಿಸುತ್ತಾರೆ. ಹುದುಗು ಅಲ್ಲಿಗೇ ನಿಲ್ಲುತ್ತದೆ, ಸಕ್ಕರೆ ಉಳಿಯುತ್ತದೆ, ಆಲ್ಕೋಹಾಲ್ ಶೇ 20ರ ಆಸುಪಾಸಿಗೆ ಏರುತ್ತದೆ. ನಾನು ಹೇಳುತ್ತಿರುವುದು ಊಟದ ಜೊತೆ ಕುಡಿಯುವ, ಸಿಹಿ ಇಲ್ಲದ ವೈನ್. ಆಲ್ಕೋಹಾಲ್ ಸಾಮಾನ್ಯವಾಗಿ ಶೇ 13–14. ಲೇಬಲ್ಲಿನಲ್ಲಿ ಟಿಂಟೊ ಅಂತ ಇದ್ದರೆ ಕೆಂಪು. ಡೌರೊ ಡಿಒಸಿ ಅಂತ ಇದ್ದರೆ ಅದು ಆ ಕಣಿವೆಯ ಕಟ್ಟುಪಾಡಿನಂತೆ ಮಾಡಿದ್ದು. ಅಲ್ಲಿ ವೈನ್ ಸೀಮೆಗೆ ಗಡಿ ಗುರುತಿಸಿದ್ದು 1756ರಲ್ಲಿ.

ಮಳೆಗಾಲದಲ್ಲಿ ಗ್ಲಾಸಿನ ಬಗ್ಗೆ ತುಂಬಾ ಎಚ್ಚರ ಬೇಕು. ಕಪಾಟಿನಲ್ಲಿ ಬೋರಲು ಇಟ್ಟ ಗ್ಲಾಸಿಗೆ ಮುಗ್ಗಲು ವಾಸನೆ ಹಿಡಿದಿರುತ್ತದೆ. ಕಾರ್ಕ್ ಕೆಟ್ಟು ಹಾಳಾದ ವೈನ್ ಕೂಡ ನೆನೆದ ರಟ್ಟಿನ ಹಾಗೆ ಅದೇ ತರಹ ನಾರುತ್ತದೆ. ತಪ್ಪು ವೈನಿನದೋ ಗ್ಲಾಸಿನದೋ ಹೇಗೆ ಹೇಳುವುದು? ಗ್ಲಾಸನ್ನು ಬಿಸಿನೀರಲ್ಲಿ ತೊಳೆದು, ಒರೆಸಿ, ಖಾಲಿ ಗ್ಲಾಸನ್ನೇ ಮೊದಲು ಮೂಸಿ ನೋಡಿ. ವಾಸನೆ ಇಲ್ಲ ಅಂತ ಖಾತ್ರಿಯಾದ ಮೇಲೆ ವೈನ್ ಹಾಕಿ. ಬಚ್ಚಲ ಒಲೆಯ ಹೊಗೆ, ಒಗ್ಗರಣೆ ಎರಡರಿಂದಲೂ ದೂರ, ಜಗಲಿಯಲ್ಲಿ ಕುಳಿತುಕೊಳ್ಳಿ.

ವೈನ್ 16ರಿಂದ 18 ಡಿಗ್ರಿ ಇದ್ದರೆ ಚೆನ್ನ. ಏಪ್ರಿಲ್‌ನಲ್ಲಿ ಬಾಟಲಿಯನ್ನು ಹೆಚ್ಚು ಹೊತ್ತು ಫ್ರಿಜ್ಜಿನಲ್ಲಿಡಿ, ಜುಲೈನಲ್ಲಿ ಕಡಿಮೆ ಹೊತ್ತು ಸಾಕು. ಬೆಚ್ಚಗಿದ್ದರೆ ಆಲ್ಕೋಹಾಲೇ ಮೂಗಿಗೆ ಹೊಡೆಯುತ್ತದೆ.

ಗ್ಲಾಸಿನ ಮೂರನೇ ಒಂದು ಪಾಲು ಮಾತ್ರ ತುಂಬಿಸಿ. ಅಲ್ಲಾಡಿಸದೆ ಒಮ್ಮೆ ಮೂಸಿ, ನಿಧಾನ ತಿರುಗಿಸಿ ಮತ್ತೊಮ್ಮೆ ಮೂಸಿ. ಡೌರೊ ವೈನ್ ಹೆಚ್ಚಾಗಿ ಹಲವು ದ್ರಾಕ್ಷಿಗಳ ಬೆರಕೆ: ಟೂರಿಗ ನಸಿಯೊನಾಲ್, ಟೂರಿಗ ಫ್ರಾಂಕ, ಟಿಂಟ ರೊರಿಜ್. ಟೂರಿಗ ನಸಿಯೊನಾಲ್‌ಗೆ ವಯಲೆಟ್ ಹೂವಿನ ವಾಸನೆ ಇದೆ ಅನ್ನುತ್ತಾರೆ. ಆ ಹೂವು ನಮ್ಮ ಹಿತ್ತಲಲ್ಲಿಲ್ಲ. ನನಗೆ ಸಿಕ್ಕಿದ್ದು ಒಣಗಿದ ರೆಂಜೆ ಹೂವು. ಹಿಂದೆಯೇ ನೇರಳೆ ಹಣ್ಣು, ಸ್ವಲ್ಪ ಕರಿಮೆಣಸು. ನಿಮ್ಮ ಮೂಗಿಗೆ ಸಿಕ್ಕಿದ್ದನ್ನೇ ಬರೆದುಕೊಳ್ಳಿ. ಲೇಬಲ್ಲಿನ ವರ್ಣನೆಯನ್ನು ಆಮೇಲೆ ಓದಿ.

ಈಗ ಗುಟುಕು. ಬಾಯೊಳಗೆಲ್ಲ ಆಡಿಸಿ, ನುಂಗಿ, ಸುಮ್ನೆ ಕೂತುಕೊಳ್ಳಿ. ಒಗರು ಎಲ್ಲಿ ಹಿಡಿಯಿತು? ಒಸಡಿನಲ್ಲಾ, ಕೆನ್ನೆಯ ಒಳಗಾ, ನಾಲಿಗೆಯ ನಡುವಾ? ಅಡಿಕೆ ಬೇಯಿಸಿದ ಚೊಗರನ್ನು ಬೆರಳಲ್ಲಿ ಅದ್ದಿ ನೆಕ್ಕಿದವರಿಗೆ ಈ ಹಿಡಿತ ತಕ್ಷಣ ತಿಳಿಯುತ್ತದೆ. ಎರಡರಲ್ಲೂ ಇರುವುದು ಒಗರು ಕೊಡುವ ಟ್ಯಾನಿನ್ನೇ. ವೈನಿಗೆ ಅದು ದ್ರಾಕ್ಷಿಯ ಸಿಪ್ಪೆ, ಬೀಜ ಮತ್ತು ಓಕ್ ಪೀಪಾಯಿಯಿಂದ ಬರುತ್ತದೆ. ಟೂರಿಗ ನಸಿಯೊನಾಲ್ ಹಣ್ಣು ಸಣ್ಣದು, ಸಿಪ್ಪೆ ದಪ್ಪ. ರಸದ ಲೆಕ್ಕಕ್ಕೆ ಸಿಪ್ಪೆ ಜಾಸ್ತಿ, ಹಾಗಾಗಿ ಬಣ್ಣವೂ ಒಗರೂ ಜಾಸ್ತಿ. ಒಗರು ಇದೆಯೋ ಇಲ್ಲವೋ ಅಂತ ನೋಡಿದರೆ ಸಾಲದು, ಅದು ಹೇಗೆ ಬಿಡುತ್ತದೆ ನೋಡಿ. ಒಳ್ಳೆಯ ಡೌರೊ ಬಾಯನ್ನು ಬಿಗಿದು, ನಿಧಾನಕ್ಕೆ ಸಡಿಲಿಸಿ, ಹಿಂದೆ ಹಣ್ಣಿನ ರುಚಿ ಉಳಿಸುತ್ತದೆ. ಒಗರು ಮಾತ್ರ ಉಳಿದು ಹಣ್ಣು ಮಾಯವಾದರೆ ನಾನು ಆ ವೈನಿಗೆ ಕಡಿಮೆ ಅಂಕ ಕೊಡುತ್ತೇನೆ. ನಮ್ಮ ಕಡೆಯವರು ಒಗರಿಗೆ ಹೆದರುವ ನಾಲಿಗೆಯವರಲ್ಲ. ಈ ವೈನನ್ನು ನಾವು ಚೆನ್ನಾಗಿಯೇ ಅಳೆಯಬಲ್ಲೆವು ಅಂತ ನನ್ನ ನಂಬಿಕೆ.

ಅರ್ಧ ಗಂಟೆ ಬಿಟ್ಟು ಇನ್ನೊಂದು ಗುಟುಕು ಕುಡಿಯಿರಿ. ಗಾಳಿ ಆಡಿದ ಮೇಲೆ ವಾಸನೆ ಬಿಚ್ಚಿಕೊಳ್ಳುತ್ತದೆ, ಒಗರೂ ನಯವಾದಂತೆ ಕಾಣುತ್ತದೆ. ಕಳೆದ ಬಾಟಲಿಯ ಬಗ್ಗೆ ನಾನು ಬರೆದುಕೊಂಡಿದ್ದು ಹೀಗಿದೆ: “ಬಣ್ಣ ಗಾಢ, ಅಂಚು ನೇರಳೆ. ಮೊದಲು ಮೆಣಸು, ಆಮೇಲೆ ರೆಂಜೆ. ಹುಳಿ ಹದ. ಒಗರು ಒಸಡಿನಲ್ಲಿ, ನಯ. ಗಂಟಲಲ್ಲಿ ಸ್ವಲ್ಪ ಬಿಸಿ.” ಇಷ್ಟು ಸಾಕು.

ಊಟ ಆಮೇಲೆ. ಹಸಿಮೆಣಸು, ಒಣಮೆಣಸಿನ ಖಾರ ಜೋರಿದ್ದರೆ ಆಲ್ಕೋಹಾಲ್ ಉರಿಯುತ್ತದೆ, ಒಗರೂ ಒರಟಾಗುತ್ತದೆ. ಕೋಳಿ ಮಾಡುವುದಾದರೆ ಮೆಣಸಿನಕಾಯಿ ಕಡಿಮೆ ಮಾಡಿ, ಕಾಳುಮೆಣಸು, ತೆಂಗಿನಕಾಯಿ ಹಾಕಿ, ಜೊತೆಗೆ ಕಡುಬು. ಮಾಂಸದ ಜಿಡ್ಡು ಒಗರನ್ನು ಮೆತ್ತಗೆ ಮಾಡುತ್ತದೆ. ಮಾಂಸ ತಿನ್ನದವರು ಬೆಣ್ಣೆ ಹಾಕಿದ ಅಣಬೆ ಪಲ್ಯ, ಅಕ್ಕಿ ರೊಟ್ಟಿ ಇಟ್ಟುಕೊಳ್ಳಲಿ.

ಉಳಿದದ್ದಕ್ಕೆ ಬಿರಡೆ ಬಿಗಿದು ಫ್ರಿಜ್ಜಿನಲ್ಲಿಡಿ. ಮಾರನೇ ದಿನ ಮತ್ತೆ ರುಚಿ ನೋಡಿ, ಮೊದಲ ದಿನ ಬರೆದದ್ದರ ಪಕ್ಕದಲ್ಲೇ ಬರೆಯಿರಿ. ಮೂರು ದಿನ ದಾಟಿದರೆ ಹೂವಿನ ವಾಸನೆ ಹೋಗಿ ಹುಳಿ ಮುಂದಾಗುತ್ತದೆ, ಅಷ್ಟರೊಳಗೆ ಮುಗಿಸಿಬಿಡಿ.