ಕಾಣಕೋಣದ ನಮ್ಮ ಮನೆಗೆ ಪರವಾನಗಿ ಸಿಕ್ಕಿದ ಬಗೆ

ದಕ್ಷಿಣ ಗೋವಾದ ಕಾಣಕೋಣದಲ್ಲಿರುವ ನಮ್ಮ ಮನೆಯನ್ನು ಹೋಮ್‌ಸ್ಟೇ ಎಂದು ನೋಂದಾಯಿಸಲು ಹೊರಟಾಗ ಮಡಗಾಂವಿನ ಏಜೆಂಟರು ಮೂರು ಸಲ ಹೇಳಿದರು: "ಭಟ್ಟರೇ, ನೀವು ಅಲ್ಲಿ ವಾಸವಿದ್ದರೇನು, ಇಲ್ಲದಿದ್ದರೇನು? ಅರವತ್ತು ಸಾವಿರ ಕೊಡಿ, ಕಾಗದ ನಾನು ಮಾಡಿಸುತ್ತೇನೆ." ಕೊಡಲಿಲ್ಲ. ಹೋಮ್‌ಸ್ಟೇ ನಡೆಸುವ ಗೆಳೆಯರೂ ಇದು ಆಗುವ ಕೆಲಸವಲ್ಲ ಎಂದಿದ್ದರು. ಈಗ ನೋಂದಣಿ ಪತ್ರ ಜಗುಲಿಯ ಗೋಡೆಯ ಮೇಲಿದೆ.

ಗೋವಾದಲ್ಲಿ ಪ್ರವಾಸಿಗರನ್ನು ಇಳಿಸಿಕೊಳ್ಳುವವರು 1982ರ ಪ್ರವಾಸಿ ವ್ಯಾಪಾರ ನೋಂದಣಿ ಕಾಯ್ದೆಯಡಿ ಹೆಸರು ನೋಂದಾಯಿಸಬೇಕು. ನಾನು ಜೊತೆಗೆ ಹಿಡಿದದ್ದು, ಸ್ವಂತ ಮನೆಯಲ್ಲೇ ಅತಿಥಿಗಳನ್ನು ಇಳಿಸಿ ತಿಂಡಿ ಕೊಡುವವರಿಗಾಗಿ ಇರುವ ಕೇಂದ್ರದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯನ್ನು. ಒಂದರಿಂದ ಆರು ಕೋಣೆ, ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಿರಬೇಕು. ನಾವು ಇರುವುದು ಅಲ್ಲಿಯೇ, ಇನ್ನೇನು ಬೇಕು ಎಂದುಕೊಂಡಿದ್ದೆ.

ಮೊದಲ ಕಡತ ವಾಪಸು ಬಂತು. ನನ್ನ ಆಧಾರ್ ಅಂಕೋಲೆಯದು, ಹೆಂಡತಿಯ ಮತದಾರರ ಚೀಟಿ ಮಡಗಾಂವಿನ ಬಾಡಿಗೆ ಮನೆಯದು, ಕರೆಂಟ್ ಬಿಲ್ ಮತ್ತು ಮನೆ ತೆರಿಗೆ ಮನೆ ಮಾರಿದವರ ಹೆಸರಿನಲ್ಲಿ. ಕಾಗದದ ಪ್ರಕಾರ ನಾವು ಎರಡು ಊರಿನವರು, ಈ ಮನೆಯವರಂತೂ ಅಲ್ಲ! ಪಂಚಾಯತಿಗೆ ಅಲೆದಲೆದು ಎಲ್ಲವನ್ನೂ ಒಂದೇ ವಿಳಾಸಕ್ಕೆ ತರಲು ಏಳೆಂಟು ತಿಂಗಳಾಯಿತು. ಯಾವ ಕಾಗದವನ್ನು ಮೊದಲು ಬದಲಿಸಿದರೆ ಉಳಿದವು ಸಲೀಸಾಗಿ ಬರುತ್ತವೆ ಎಂಬುದನ್ನು ಮಾತ್ರ ನಾನು ಬರೆಯುವುದಿಲ್ಲ, ಅದಕ್ಕೆ ಒಂದು ಮಳೆಗಾಲ ತೆತ್ತಿದ್ದೇನೆ.

ಎರಡನೆಯ ಸಲ ಕಡತ ಕೊಟ್ಟಾಗ ಅಧಿಕಾರಿಗಳು ತಪಾಸಣೆಗೆ ಬಂದರು. ನಾಲ್ಕು ಕೋಣೆಗಳನ್ನೂ ಅತಿಥಿಗಳಿಗೆಂದೇ ಸಜ್ಜು ಮಾಡಿದ್ದೆ: ಹೊಸ ಹಾಸಿಗೆ, ಗೀಸರ್, ಬಚ್ಚಲಿಗೆ ಹೊಸ ಟೈಲ್ಸ್, ಒಟ್ಟು ಎರಡೂವರೆ ಲಕ್ಷದ ಹತ್ತಿರ. ಬಂದವರಲ್ಲಿ ಹಿರಿಯರೊಬ್ಬರು ಎಲ್ಲ ನೋಡಿ, "ನೀವು ಮಲಗುವುದೆಲ್ಲಿ?" ಎಂದು ಕೇಳಿದರು. ಅಡುಗೆಮನೆಯ ಹಿಂದಿನ ಚಾವಡಿ ತೋರಿಸಿದೆ. ಸುತ್ತಿಟ್ಟ ಚಾಪೆ, ಆಯಿಯ ಮಾತ್ರೆ ಡಬ್ಬಿ, ಮಗನ ಶಾಲೆಯ ಚೀಲ, ಮೂಲೆಯಲ್ಲಿ ತೆಂಗಿನಕಾಯಿ ರಾಶಿ. ಅವರು ಏನೂ ಅನ್ನಲಿಲ್ಲ. ಆ ಸಲವೂ ಆಗಲಿಲ್ಲ.

ಸಿಟ್ಟು ಬಂದಿತ್ತು. ಆದರೆ ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಮನೆಯವರಿಗೇ ಕೋಣೆಯಿಲ್ಲದ ಮೇಲೆ ಅದು ಮನೆ ಹೇಗಾದೀತು? ಸಮುದ್ರದ ಗಾಳಿ ಬರುವ, ಸೀಸನ್ನಿನಲ್ಲಿ ದಿನಕ್ಕೆ ಎರಡು ಸಾವಿರ ತರಬಹುದಾದ ಕೋಣೆಯನ್ನು ಆಯಿಗೆ ಬಿಟ್ಟುಕೊಟ್ಟೆ, ಅದರ ಪಕ್ಕದ್ದನ್ನು ನಾವಿಟ್ಟುಕೊಂಡೆವು. ವರ್ಷಕ್ಕೆ ಲಕ್ಷಕ್ಕೂ ಮೇಲೆ ಹೋಯಿತು ಎಂದು ಗೆಳೆಯರು ಲೆಕ್ಕ ಹಾಕಿದರು. ಮೂರನೆಯ ಸಲ ಕಡತ ಕೊಟ್ಟು, ತಪಾಸಣೆಗೆ ಬಂದ ದಿನ ಆಯಿ ಅದೇ ಕಿಟಕಿಯ ಬಳಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದಳು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು.

ತಿಂಡಿಯಲ್ಲೂ ಪ್ರಯೋಗ ನಡೆಸಿದೆ. ಮೊದಲು ಪೊದೇರನಿಂದ, ಅಂದರೆ ಬ್ರೆಡ್ ಮಾರುವವನಿಂದ, ಪೊಯಿ ಎಂಬ ಗೋವಾದ ರೊಟ್ಟಿ ತರಿಸಿ ಭಾಜಿ ಕೊಟ್ಟೆ, ಅತಿಥಿಗಳು ಅರ್ಧ ಬಿಟ್ಟರು. ಹೆಂಡತಿ ನೀರುದೋಸೆ, ಬೆಲ್ಲ ಬೆರೆಸಿದ ಕಾಯಿತುರಿಯ ಕಾಯಿಸುಳಿ ಕೊಟ್ಟ ದಿನದಿಂದ ತಟ್ಟೆ ಖಾಲಿ. ಪುಣೆಯ ದಂಪತಿ ಅದಕ್ಕೆಂದೇ ಎರಡು ಸಲ ಬಂದಿದ್ದಾರೆ. ಬಿಸಿಲಿನಿಂದ ನೀರು ಕಾಯಿಸುವ ಯಂತ್ರವನ್ನೂ ಹಾಕಿಸಿ ನೋಡಿದೆ. ಜೂನ್ ಬಂದದ್ದೇ ತಣ್ಣೀರು, ಮತ್ತೆ ಗೀಸರ್.

ವಿದೇಶಿಯರನ್ನು ಇಳಿಸಿಕೊಳ್ಳುವವರು ಅವರ ವಿವರವನ್ನು ಸರ್ಕಾರಕ್ಕೆ ತಿಳಿಸುವ ಫಾರ್ಮ್ (ಹಿಂದೆ ಸಿ ಫಾರ್ಮ್ ಎನ್ನುತ್ತಿದ್ದರು) ಮರೆಯಬೇಡಿ, ಅವರು ಬಂದ 24 ಗಂಟೆಯೊಳಗೆ ಸಲ್ಲಿಸಲೇಬೇಕು. ನಾನು ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಫೋಟೋ ತೆಗೆದುಕೊಂಡ ಮೇಲೆಯೇ ಕೋಣೆಯ ಕೀಲಿ ಕೊಡುತ್ತೇನೆ, ರಾತ್ರಿ ಹನ್ನೊಂದಾದರೂ ಸರಿ.

ಎರಡು ಕೋಣೆಗಳಿಂದಲೇ ಕಳೆದ ಸೀಸನ್ನಿನಲ್ಲಿ ಟೈಲ್ಸ್, ಗೀಸರಿನ ಸಾಲದ ಮುಕ್ಕಾಲು ಭಾಗ ತೀರಿತು. ಉಳಿದದ್ದು ಈ ಡಿಸೆಂಬರಿಗೆ.