ಅಲರ್ಜಿಗೆ ಮಾತ್ರೆ, ಸ್ಟಿರಾಯ್ಡ್ ಮುಲಾಮು ಎರಡೂ ಕೊಟ್ಟಿದ್ದಾರಾ? ಹೀಗೆ ಬಳಸಿ

ಮೈ ಮೇಲೆ ದದ್ದು ಎದ್ದು, ನವೆ ತಡೆಯಲಾಗದೆ ಡಾಕ್ಟರ್ ಹತ್ತಿರ ಹೋದರೆ ಚೀಟಿಯಲ್ಲಿ ಎಷ್ಟೋ ಸಲ ಎರಡು ಔಷಧಿ ಇರುತ್ತವೆ. ಸೆಟಿರಿಜಿನ್‌ನಂಥ ಒಂದು ಮಾತ್ರೆ, ಜೊತೆಗೆ ಸ್ಟಿರಾಯ್ಡ್ ಮುಲಾಮು. ಎರಡೂ ಅಲರ್ಜಿಗೇ ಅಲ್ವಾ, ಒಂದು ಸಾಕು ಅಂತ ಯಾವುದೋ ಒಂದನ್ನು ಬಿಟ್ಟುಬಿಡುವವರು ಜಾಸ್ತಿ. ಹಾಗೆ ಮಾಡಬೇಡಿ, ಅವೆರಡರ ಕೆಲಸ ಬೇರೆ ಬೇರೆ.

ಅಲರ್ಜಿಯಾದಾಗ ಚರ್ಮದೊಳಗೆ ಹಿಸ್ಟಮಿನ್ ಅನ್ನುವ ವಸ್ತು ಬಿಡುಗಡೆಯಾಗುತ್ತದೆ. ನವೆ, ಊತ ತರುವುದು ಅದು. ಸೆಟಿರಿಜಿನ್‌ನಂಥ ಆಂಟಿಹಿಸ್ಟಮಿನ್ ಮಾತ್ರೆ ಅದರ ಕೆಲಸ ನಡೆಯದ ಹಾಗೆ ತಡೆಯುತ್ತದೆ, ಒಂದು ಗಂಟೆಯ ಆಸುಪಾಸಿನಲ್ಲೇ ಆರಾಮ ಅನ್ನಿಸುತ್ತದೆ. ಸ್ಟಿರಾಯ್ಡ್ ನಿಧಾನ. ಅದು ಜೀವಕೋಶದ ಒಳಗೆ ಹೋಗಿ ಉರಿಯೂತ ತರುವ ವಸ್ತುಗಳ ತಯಾರಿಯನ್ನೇ ತಗ್ಗಿಸಬೇಕು, ಅದಕ್ಕೆ ಹಲವು ಗಂಟೆ, ಕೆಲವೊಮ್ಮೆ ಎರಡು ಮೂರು ದಿನ ಹಿಡಿಯುತ್ತದೆ.

ನಿಮಗಾಗಿರುವುದು ಯಾವ ಅಲರ್ಜಿ ಅನ್ನುವುದರ ಮೇಲೆ ಯಾವುದು ಮುಖ್ಯ ಅನ್ನುವುದು ನಿಂತಿದೆ. ಪಿತ್ತದ ಗಂಧೆ ತಗೊಳ್ಳಿ. ದದ್ದು ಏಳುತ್ತವೆ, ಒಂದು ದಿನದೊಳಗೆ ಅಲ್ಲಿ ಮಾಯವಾಗಿ ಇನ್ನೊಂದು ಕಡೆ ಏಳುತ್ತವೆ. ಇದು ಹಿಸ್ಟಮಿನ್‌ನದೇ ಆಟ, ಹಾಗಾಗಿ ಮಾತ್ರೆಯೇ ಮುಖ್ಯ, ಮುಲಾಮು ಹಚ್ಚಿ ಪ್ರಯೋಜನ ಇಲ್ಲ. ದೊಡ್ಡವರಿಗೆ ಸಾಮಾನ್ಯವಾಗಿ ಸೆಟಿರಿಜಿನ್ 10 ಮಿ.ಗ್ರಾಂ ಅಥವಾ ಲೆವೋಸೆಟಿರಿಜಿನ್ 5 ಮಿ.ಗ್ರಾಂ, ದಿನಕ್ಕೊಂದು. ಸಾಲದಿದ್ದರೆ ಡಾಕ್ಟರ್ ನಾಲ್ಕು ಪಟ್ಟಿನವರೆಗೂ ಏರಿಸುವುದುಂಟು, ಆದರೆ ಅದನ್ನು ನೀವೇ ಮಾಡಬೇಡಿ. ತೀರಾ ಜೋರಾದಾಗ ಕೆಲವು ದಿನದ ಮಟ್ಟಿಗೆ ಸ್ಟಿರಾಯ್ಡ್ ಮಾತ್ರೆ ಸೇರಿಸುತ್ತಾರೆ. ಗಂಧೆಯ ಜೊತೆ ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬೀಳುವಂತಾದರೆ ಮಾತ್ರೆ ನುಂಗಿ ಕಾಯುತ್ತಾ ಕೂರಬೇಡಿ. ಆಗ ಬೇಕಿರುವುದು ಅಡ್ರಿನಲಿನ್ ಇಂಜೆಕ್ಷನ್. ತಕ್ಷಣ 108ಕ್ಕೆ ಫೋನ್ ಮಾಡಿ.

ಕಾಂಗ್ರೆಸ್ ಗಿಡದ ಅಲರ್ಜಿಯಲ್ಲಿ ಇದು ಪೂರ್ತಿ ತಿರುಗುಮುರುಗು. ಹೊಲದ ಬದು, ಖಾಲಿ ಸೈಟು, ರಸ್ತೆ ಪಕ್ಕ ಎಲ್ಲೆಲ್ಲೂ ಬೆಳೆಯುವ ಈ ಪಾರ್ಥೇನಿಯಂನ ಪುಡಿ ಗಾಳಿಯಲ್ಲಿ ಬಂದು ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ಕೂರುತ್ತದೆ, ಅಲ್ಲಿ ಚರ್ಮ ಕೆಂಪಾಗಿ, ದಪ್ಪವಾಗಿ, ಬಿರುಕು ಬಿಡುತ್ತದೆ. ಇದನ್ನು ನಡೆಸುವುದು ರೋಗಾಣುಗಳ ವಿರುದ್ಧ ಹೋರಾಡುವ ರಕ್ತದ ಟಿ ಕೋಶಗಳು, ಹಿಸ್ಟಮಿನ್ ಪಾತ್ರ ಕಡಿಮೆ. ಸುಮ್ನೆ ಸೆಟಿರಿಜಿನ್ ನುಂಗುತ್ತಾ ಹೋದರೆ ಗುಣವಾಗಲ್ಲ. ಇಲ್ಲಿ ಸ್ಟಿರಾಯ್ಡ್ ಮುಲಾಮು ಮುಖ್ಯ, ಗಿಡದಿಂದ ದೂರ ಇರುವುದು ಇನ್ನೂ ಮುಖ್ಯ. ರಾತ್ರಿ ತುರಿಸಿಕೊಂಡು ಗಾಯ ಮಾಡಿಕೊಳ್ಳುತ್ತಿದ್ದರೆ ಹೈಡ್ರಾಕ್ಸಿಜಿನ್‌ನಂಥ ನಿದ್ದೆ ಬರಿಸುವ ಮಾತ್ರೆಯನ್ನು ಜೊತೆಗೆ ಕೊಡುತ್ತಾರೆ.

ಮುಲಾಮು ಎಷ್ಟು ಹಚ್ಚಬೇಕು? ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿ. ಅದು ಹೆಚ್ಚುಕಡಿಮೆ ಅರ್ಧ ಗ್ರಾಂ, ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ದಿನಕ್ಕೆ ಒಂದು ಅಥವಾ ಎರಡು ಸಲ, ತೊಂದರೆ ಇರುವ ಜಾಗಕ್ಕೆ ಮಾತ್ರ, ತೆಳ್ಳಗೆ. ಮಾಯಿಶ್ಚರೈಸರ್ ಹಚ್ಚುವುದಿದ್ದರೆ ಎರಡರ ನಡುವೆ ಸ್ವಲ್ಪ ಹೊತ್ತು ಬಿಡಿ.

ಟ್ಯೂಬಿನ ಮೇಲಿನ ಹೆಸರು ಓದಿ. ಹೈಡ್ರೋಕಾರ್ಟಿಸೋನ್ 1% ಸೌಮ್ಯ, ಬೀಟಾಮೆಥಸೋನ್ ವ್ಯಾಲರೇಟ್ 0.1% ಜೋರು, ಕ್ಲೋಬೆಟಾಸಾಲ್ 0.05% ಅತಿ ಜೋರು. ಕ್ಲೋಬೆಟಾಸಾಲ್ ಅನ್ನು ಎರಡು ವಾರಕ್ಕಿಂತ ಹೆಚ್ಚು ಎಡೆಬಿಡದೆ ಹಚ್ಚುವಂತಿಲ್ಲ. ಮುಖ, ಕಂಕುಳು, ತೊಡೆಸಂದಿಯಲ್ಲಿ ಚರ್ಮ ತೆಳು, ಔಷಧಿ ಜಾಸ್ತಿ ಒಳಗಿಳಿಯುತ್ತದೆ, ಹಾಗಾಗಿ ಅಲ್ಲಿಗೆ ಸೌಮ್ಯವಾದದ್ದೇ ಇರಲಿ. ಪಕ್ಕದ ಮನೆಯವರಿಗೆ ಕೊಟ್ಟ ಟ್ಯೂಬನ್ನಂತೂ ಹಚ್ಚಲೇಬೇಡಿ. ಹುಳುಕಡ್ಡಿ ಅಲರ್ಜಿಯಲ್ಲ, ಫಂಗಸ್ ಸೋಂಕು. ಅದಕ್ಕೆ ಸ್ಟಿರಾಯ್ಡ್ ಹಚ್ಚಿದರೆ ಮೊದಲು ನವೆ ನಿಂತ ಹಾಗಾಗುತ್ತದೆ, ಆಮೇಲೆ ಅದು ಗುರುತೇ ಸಿಗದಂತೆ ರೂಪ ಬದಲಿಸಿ ಮೈಯೆಲ್ಲ ಹರಡುತ್ತದೆ. ಎಷ್ಟು ಮನೆಗಳಲ್ಲಿ ಇದು ನಡೆಯುತ್ತಿದೆ ಅಂತ ನೆನೆದರೆ ಸಂಕಟವಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ.

ಮಾತ್ರೆಗಳ ವಿಷಯಕ್ಕೆ ಬಂದರೆ, ಅವಿಲ್, ಹೈಡ್ರಾಕ್ಸಿಜಿನ್‌ನಂಥ ಹಳೆಯ ಕಾಲದ ಆಂಟಿಹಿಸ್ಟಮಿನ್ ಮಾತ್ರೆ ತಗೊಂಡು ಗಾಡಿ ಓಡಿಸಬೇಡಿ, ಮದ್ಯ ಕುಡಿಯಲೂಬೇಡಿ. ಸೆಟಿರಿಜಿನ್ ಕೂಡ ಕೆಲವರಿಗೆ ತೂಕಡಿಕೆ ತರುತ್ತದೆ. ಫೆಕ್ಸೊಫೆನಡಿನ್‌ಗೆ ಆ ಕಾಟ ಕಡಿಮೆ, ಆದರೆ ಅದನ್ನು ಹಣ್ಣಿನ ಜ್ಯೂಸಿನ ಜೊತೆ ನುಂಗಬೇಡಿ, ನೀರೇ ಸರಿ. ಬೀಟಾಮೆಥಸೋನ್ ಜೊತೆ ಡೆಕ್ಸ್‌ಕ್ಲೋರ್‌ಫೆನಿರಮೈನ್ ಎಂಬ ಆಂಟಿಹಿಸ್ಟಮಿನ್ ಸೇರಿಸಿದಂಥ ಜಂಟಿ ಮಾತ್ರೆಗಳೂ ಇವೆ. ನವೆ ಹೆಚ್ಚಾಯಿತೆಂದು ಇನ್ನೊಂದು ನುಂಗಿದರೆ ಒಳಗಿರುವ ಸ್ಟಿರಾಯ್ಡ್ ಕೂಡ ಎರಡರಷ್ಟಾಗುತ್ತದೆ ಅನ್ನುವುದು ನೆನಪಿರಲಿ.

ಸ್ಟಿರಾಯ್ಡ್ ಮಾತ್ರೆಯನ್ನು ಬೆಳಗ್ಗೆ ತಿಂಡಿ ಆದ ಮೇಲೆ ತಗೊಳ್ಳಿ. ಶುಗರ್, ಬಿಪಿ, ಹೊಟ್ಟೆಹುಣ್ಣು, ಗ್ಲಾಕೋಮಾ ಇದ್ದರೆ, ಬಸುರಿಯಾಗಿದ್ದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ ಚೀಟಿ ಬರೆಯುವ ಮೊದಲೇ ಹೇಳಿ. ಶುಗರ್ ಇರುವವರಿಗೆ ನಾಲ್ಕೈದು ದಿನದ ಸ್ಟಿರಾಯ್ಡ್‌ಗೂ ಶುಗರ್ ಏರಬಹುದು, ಆ ದಿನಗಳಲ್ಲಿ ಹೆಚ್ಚು ಸಲ ಚೆಕ್ ಮಾಡಿಕೊಳ್ಳಿ. ಮೂರು ವಾರಕ್ಕಿಂತ ಹೆಚ್ಚು ತಗೊಂಡಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ. ಅಷ್ಟು ದಿನದಲ್ಲಿ ದೇಹ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ, ಡಾಕ್ಟರ್ ಹೇಳಿದ ಲೆಕ್ಕದಲ್ಲೇ ನಿಧಾನವಾಗಿ ಇಳಿಸಬೇಕು.