ಫ್ರೆಂಚ್–ಚೆಕ್ ತಾಂತ್ರಿಕ ದುಭಾಷಿ ಬೇಕಾದಾಗ

ಫ್ರಾನ್ಸಿನಿಂದ ಯಂತ್ರ ತರಿಸಿ ಚೆಕ್ ಗಣರಾಜ್ಯದ ಕಾರ್ಖಾನೆಯಲ್ಲಿ ಅಳವಡಿಸುವ ಕೆಲಸದಲ್ಲಿರುವ ಸ್ನೇಹಿತರಿಗೆ ಒಂದು ಸಲಹೆ. ಎರಡೂ ಭಾಷೆ ನಿರರ್ಗಳವಾಗಿ ಬರುತ್ತದೆ ಎಂದಷ್ಟಕ್ಕೇ ಯಾರನ್ನೂ ಒಪ್ಪಿಕೊಳ್ಳಬೇಡಿ. ಫ್ರೆಂಚಿನ ‘ಆರ್ಬ್ರ್’ ಎಂದರೆ ಮರ. ಯಂತ್ರದ ಮುಂದೆ ಅದೇ ಶಾಫ್ಟ್, ಅಂದರೆ ತಿರುಗುವ ದಂಡ. ‘ಕೂಪ್ಲ್’ ಎಂದರೆ ಜೋಡಿ. ಬೋಲ್ಟ್ ಬಿಗಿಯುವವರಿಗೆ ಅದು ಟಾರ್ಕ್, ಅಂದರೆ ತಿರುಗಿಸುವ ಬಲ. ಬೇರಿಂಗಿನಲ್ಲಿ ಬಿಡುವ ಸಣ್ಣ ಅಂತರಕ್ಕೆ ಚೆಕ್ ಭಾಷೆಯಲ್ಲಿ ‘ವೂಲೆ’ ಎನ್ನುತ್ತಾರೆ. ಅದೇ ಪದಕ್ಕೆ ‘ಇಚ್ಛೆ’ ಎಂಬ ಅರ್ಥವೂ ಇದೆ. ನಿಮ್ಮ ಯಂತ್ರಕ್ಕೆ ಸಂಬಂಧಿಸಿದ ಇಂತಹ ಹತ್ತು ಪದಗಳನ್ನು ಫೋನಿನಲ್ಲೇ ಕೇಳಿ. ತಡವರಿಸಿದರೂ ಚಿಂತೆಯಿಲ್ಲ, ‘ನಕ್ಷೆ ಕಳುಹಿಸಿ, ಓದಿಕೊಂಡು ಬರುತ್ತೇನೆ’ ಎನ್ನುವವರನ್ನೇ ನಾನು ಆರಿಸುತ್ತೇನೆ.

ಹುಡುಕಾಟವನ್ನು ಪ್ರಾಗ್‌ನ ದುಭಾಷಿಗಳ ಮತ್ತು ಅನುವಾದಕರ ಒಕ್ಕೂಟವಾದ ಜೆಟಿಪಿಯಿಂದ ಆರಂಭಿಸಿ. ಚೆಕ್ ನ್ಯಾಯ ಸಚಿವಾಲಯದ ನೋಂದಣಿಯಲ್ಲಿ ಪ್ರಮಾಣೀಕೃತ ದುಭಾಷಿಗಳ ಹೆಸರುಗಳಿವೆ. ಆದರೆ ಆ ಮುದ್ರೆ ನ್ಯಾಯಾಲಯ, ನೋಟರಿಗಳ ಕೆಲಸಕ್ಕೆ; ಹೈಡ್ರಾಲಿಕ್ಸ್ ಗೊತ್ತಿದೆ ಎನ್ನುವುದಕ್ಕೆ ಅದು ಸಾಕ್ಷಿಯಲ್ಲ. ಇನ್ನೊಂದು ಸಂಗತಿ: ಚೆಕ್ಕರಲ್ಲಿ ಮಾತಿನ ದುಭಾಷಿ ‘ತ್ಲುಮೋಚ್ನೀಕ್’, ಬರಹದ ಅನುವಾದಕ ‘ಪ್ರ್ಷೆಕ್ಲಾದಾತೆಲ್’. ಯಾರು ಬೇಕೆಂದು ಮೊದಲೇ ಸ್ಪಷ್ಟಪಡಿಸಿ.

ಕೈಪಿಡಿ, ನಕ್ಷೆ, ಬಿಡಿಭಾಗಗಳ ಪಟ್ಟಿಯನ್ನು ಕನಿಷ್ಠ ಒಂದು ವಾರ ಮುಂಚೆ ಕಳುಹಿಸಿಕೊಡಿ. ಯಂತ್ರಗಳ ಗದ್ದಲದಲ್ಲಿ ಕಿವಿಗೆ ಹಾಕುವ ಹೆಡ್‌ಸೆಟ್ ಬೇಕೇ ಬೇಕು. ದಿನವಿಡೀ ಏಕಕಾಲದ ಭಾಷಾಂತರ (ಮಾತು ನಡೆಯುತ್ತಿರುವಾಗಲೇ ಹೇಳುತ್ತಾ ಹೋಗುವುದು) ನಡೆಯುವುದಾದರೆ ಇಬ್ಬರನ್ನು ಕರೆಸಿ. ಅರ್ಧ ಗಂಟೆಗೊಮ್ಮೆ ಸರದಿ ಬದಲಾಗದಿದ್ದರೆ ಸುಸ್ತಾದ ಮನಸ್ಸು ಮೊದಲು ತಪ್ಪುವುದು ಅಂಕಿಗಳನ್ನೇ.